ಗರಡಿಮನೆಯ ಹೊಸ್ತಿಲು

ನಮ್ಮ ಬೀದಿಯ ಕೊನೆಯಲ್ಲೊಂದು ಗರಡಿಮನೆ ಇತ್ತು. ಅಣ್ಣ ಅಲ್ಲಿ ಸಾಮು ಮಾಡುತ್ತಿದ್ದ. ಅವನಿಗೆ ಹಾಲಿನ ಚೊಂಬು ಕೊಟ್ಟುಬರುವ ಕೆಲಸ ನನ್ನದು. ಆದರೆ ಚೊಂಬನ್ನು ಹೊಸ್ತಿಲಲ್ಲೇ ಇಟ್ಟು ಹಿಂತಿರುಗಬೇಕು. ಗರಡಿಗೆ ಒಡೆಯ ಬ್ರಹ್ಮಚಾರಿ ಹನುಮಂತ, ಹೆಣ್ಣುಮಕ್ಕಳು ಕಾಲಿಟ್ಟರೆ ಮಟ್ಟಿಯ ಮಣ್ಣು ಮೈಲಿಗೆ ಎಂದು ಅಜ್ಜಿ ಹೇಳುತ್ತಿದ್ದರು. ನಾನೂ ನಂಬಿದ್ದೆ. ಆ ನಂಬಿಕೆ ಅಲುಗಿದ್ದು ಮಾಸ್ಟರ್ ಚಂದಗೀರಾಮರ ಕಥೆ ತಿಳಿದಾಗ.

ಹರಿಯಾಣದ ಹಿಸಾರ್ ಜಿಲ್ಲೆಯ ಸಿಸಾಯ್ ಊರಿನಲ್ಲಿ 1937ರಲ್ಲಿ ಹುಟ್ಟಿದ ಅವರು ಮೊದಲು ಶಾಲಾ ಮೇಷ್ಟ್ರು. ಹೆಸರಿನ ಹಿಂದೆ ‘ಮಾಸ್ಟರ್’ ಅಂಟಿಕೊಂಡಿದ್ದು ಹಾಗೆ. ಮಾಂಸ ಮುಟ್ಟದ ಈ ಪೈಲ್ವಾನರು ಮಣ್ಣಿನ ಕುಸ್ತಿಯಲ್ಲಿ ಹಿಂದ್ ಕೇಸರಿ, ಭಾರತ್ ಕೇಸರಿ ಬಿರುದುಗಳನ್ನು ಗೆದ್ದರು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 100 ಕಿಲೋ ವಿಭಾಗದ ಚಿನ್ನ ತಂದರು. ಮರುವರ್ಷ ಪದ್ಮಶ್ರೀ, 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್. ಒಂದೆರಡು ಹಿಂದಿ ಸಿನಿಮಾಗಳಲ್ಲೂ ಮುಖ ತೋರಿಸಿದರು.

ಆಮೇಲೆ ದೆಹಲಿಯಲ್ಲಿ, ಯಮುನೆಯ ದಂಡೆಯ ಮೇಲೆ ತಮ್ಮದೇ ಅಖಾಡ ಕಟ್ಟಿ ಗುರುವಾದರು. ಇಷ್ಟಕ್ಕೇ ನಿಂತಿದ್ದರೆ ಅವರನ್ನು ಬಿರುದಾಂಕಿತರ ಪಟ್ಟಿಯಲ್ಲಿ ಸೇರಿಸಿ ಮರೆತುಬಿಡುತ್ತಿದ್ದೆನೇನೋ. ಆದರೆ 1990ರ ದಶಕದ ಕೊನೆಯಲ್ಲಿ ಅವರು ಅದೇ ಮಣ್ಣಿಗೆ ಹೆಣ್ಣುಮಕ್ಕಳನ್ನು ಇಳಿಸಿದರು. ಊರವರ ಮಕ್ಕಳನ್ನು ಕರೆಯುವುದಕ್ಕೆ ಮೊದಲು ಸ್ವಂತ ಮಗಳು ಸೋನಿಕಾಳನ್ನೇ ಪಳಗಿಸಿದರು. ಸಂಪ್ರದಾಯಸ್ಥರು ಸಿಡಿಮಿಡಿಗೊಂಡರು. ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ್ದೇ 2004ರಲ್ಲಿ ಎಂಬುದನ್ನು ನೆನೆದರೆ, ಮೇಷ್ಟ್ರು ಎಷ್ಟು ಮುಂದೆ ನೋಡಿದ್ದರೆಂದು ಅರಿವಾಗುತ್ತದೆ.

ಅವರ ಶಿಷ್ಯರಲ್ಲೊಬ್ಬರು ಬಲಾಲಿ ಗ್ರಾಮದ ಮಹಾವೀರ್ ಸಿಂಗ್ ಫೋಗಟ್. ಗುರುವಿನಂತೆ ಅವರೂ ತಮ್ಮ ಹೆಣ್ಣುಮಕ್ಕಳಿಗೆ ಪಟ್ಟು ಕಲಿಸಿದರು. 2016ರ ‘ದಂಗಲ್’ ಚಿತ್ರ ನೋಡಿದವರಿಗೆಲ್ಲ ಮುಂದಿನ ಕಥೆ ಗೊತ್ತು. ಮಹಾವೀರರ ಮಗಳು ಗೀತಾ 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದಳು. ಅದನ್ನು ಕಾಣಲು ಮೇಷ್ಟ್ರು ಇರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡಿದ್ದರು.

ಇದನ್ನೆಲ್ಲ ಒಂದು ಸಂಜೆ ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ.

“ನಮ್ಮ ವಸ್ತಾದರಿಗೂ ನಾಲ್ವರು ಹೆಣ್ಣುಮಕ್ಕಳಿದ್ದರು ಕಣೇ,” ಎಂದ. “ಗಂಡುಮಗ ಇಲ್ಲ, ವಿದ್ಯೆ ನನ್ನೊಂದಿಗೇ ಹೋಗುತ್ತೆ ಅಂತ ಕೊರಗುತ್ತಲೇ ಸತ್ತರು. ನಮಗ್ಯಾರಿಗೂ ಹೊಳೆಯಲೇ ಇಲ್ಲ ನೋಡು.”