ಅಂತ್ಯದಿನ: ಎರಡು ನಂಬಿಕೆಗಳು, ಒಂದೇ ಪ್ರಶ್ನೆ

ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗೋಥಿಕ್ ಶೈಲಿಯ ಚರ್ಚೊಂದನ್ನು ಕಟ್ಟಿಸಿದರು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣಗೊಂಡು ಊರು ಮುಳುಗಡೆಯಾಯಿತು. ಜನರು ಬೇರೆಡೆಗೆ ಹೋದರು, ಚರ್ಚು ನೀರಿನ ಪಾಲಾಯಿತು. ಅದರ ಅವಶೇಷ ಹಿನ್ನೀರು ತುಂಬಿದಾಗ ಮುಳುಗುತ್ತದೆ, ಇಳಿದಾಗ ಕಾಣುತ್ತದೆ. ಅದೇ ಅಣೆಕಟ್ಟಿನ ನೀರು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲೂಕುಗಳ ಹೊಲಗದ್ದೆಗಳಿಗೆ ಹರಿಯಿತು.

ಒಂದು ಊರಿನ ಕೊನೆಯನ್ನು ಹೀಗೆ ಕಣ್ಣಾರೆ ಕಂಡ ಈ ಸೀಮೆಯಲ್ಲಿ ಲೋಕದ ಕೊನೆಯ ಕುರಿತು ಬೇರೆ ಬೇರೆ ನಂಬಿಕೆಗಳಿವೆ. ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳವನ್ನು ಪವಿತ್ರವೆಂದು ಕಾಣುವ ಜೈನರಿಗೆ ಕಾಲವು ಏರಿ ಇಳಿಯುವ ಚಕ್ರ. ಕ್ರೈಸ್ತರಿಗೂ ಮುಸ್ಲಿಮರಿಗೂ ಅದು ಸೃಷ್ಟಿಯಿಂದ ತೀರ್ಪಿನ ದಿನದತ್ತ ಸಾಗುವ ಹಾದಿ. ಕಹಳೆಯ ಧ್ವನಿ, ಮೃತರ ಪುನರುತ್ಥಾನ, ಕರ್ಮಗಳ ವಿಚಾರಣೆ, ಸ್ವರ್ಗ-ನರಕಗಳು ಎರಡೂ ಧರ್ಮಗಳಲ್ಲಿವೆ.

ಯೇಸು ಮರಳಿ ಬರುವರೆಂಬುದನ್ನೂ ಇಬ್ಬರೂ ನಂಬುತ್ತಾರೆ. ಭೇದವಿರುವುದು ಬರುವ ಉದ್ದೇಶದಲ್ಲಿ. ಕ್ರೈಸ್ತರ ಪ್ರಕಾರ ಅವರು ದೇವಪುತ್ರರು; ಬದುಕಿರುವವರಿಗೂ ಸತ್ತವರಿಗೂ ತೀರ್ಪು ನೀಡಲು ಬರುತ್ತಾರೆ. ಮುಸ್ಲಿಮರ ಪ್ರಕಾರ ಈಸಾ(ಅ) ಅಲ್ಲಾಹನ ಪ್ರವಾದಿ. ದಜ್ಜಾಲನನ್ನು ವಧಿಸಿ, ನ್ಯಾಯದಿಂದ ಆಳಿ, ಎಲ್ಲ ಮನುಷ್ಯರಂತೆ ಮರಣ ಹೊಂದುತ್ತಾರೆ. ಅಂತಿಮ ತೀರ್ಪು ಅಲ್ಲಾಹನದು ಮಾತ್ರ. ದಜ್ಜಾಲ್ ಮತ್ತು ಮಹ್ದಿಯ ವಿವರಗಳು ಹದೀಸ್‌ಗಳಲ್ಲಿವೆ; ಕುರ್‌ಆನ್‌ನಲ್ಲಿ ಆ ಹೆಸರುಗಳಿಲ್ಲ.

ಆ ದಿನ ಯಾವಾಗ? ಅದು ತಂದೆಯೊಬ್ಬನಿಗೇ ಗೊತ್ತು ಎನ್ನುತ್ತದೆ ಮತ್ತಾಯನ ಸುವಾರ್ತೆ (24:36). ಆ ಘಳಿಗೆಯ ಜ್ಞಾನ ಅಲ್ಲಾಹನಲ್ಲಿ ಮಾತ್ರ ಇದೆ ಎನ್ನುತ್ತದೆ ಕುರ್‌ಆನ್ (7:187). ಆದರೂ ಮನುಷ್ಯನ ಆತುರ ನಿಲ್ಲಲಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್‌ನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ನಿರಾಶರಾದರು. ಹಿಜರಿ 1400ರ ಮೊದಲ ದಿನ, ಅಂದರೆ 1979ರ ನವೆಂಬರ್ 20ರಂದು, ತಮ್ಮವನೊಬ್ಬನನ್ನು ಮಹ್ದಿಯೆಂದು ಘೋಷಿಸಿದ ಶಸ್ತ್ರಧಾರಿಗಳು ಮಕ್ಕಾದ ಪವಿತ್ರ ಮಸೀದಿಯನ್ನೇ ವಶಪಡಿಸಿಕೊಂಡರು. ಎರಡು ವಾರ ಆ ಪವಿತ್ರ ನೆಲದಲ್ಲಿ ರಕ್ತ ಹರಿಯಿತು, ಮಹ್ದಿಯೆನಿಸಿಕೊಂಡವನೂ ಸತ್ತ. ಅಂತ್ಯದ ಸೂಚನೆಗಳನ್ನು ನೆರೆಯವರ ಮೇಲೆ ಹೊರಿಸಿ, ಅವರಲ್ಲಿ ದಜ್ಜಾಲನ ಪಡೆಯನ್ನೋ ಕ್ರಿಸ್ತವಿರೋಧಿಯನ್ನೋ ಹುಡುಕುವವರು ಇದನ್ನು ಮರೆಯಬಾರದು.

ಏಕೆಂದರೆ ಆ ದಿನ ಕೇಳಲಾಗುವ ಪ್ರಶ್ನೆಯೇ ಬೇರೆ. ಮತ್ತಾಯನ 25ನೇ ಅಧ್ಯಾಯದಲ್ಲಿ ಹಸಿದವರಿಗೆ ಉಣಿಸಿದ್ದು, ಬಾಯಾರಿದವರಿಗೆ ನೀರು ಕೊಟ್ಟದ್ದು, ರೋಗಿಯನ್ನು ಕಂಡುಬಂದದ್ದು ತನಗೇ ಮಾಡಿದ ಸೇವೆಯೆಂದು ನ್ಯಾಯಾಧಿಪತಿ ಎಣಿಸುತ್ತಾನೆ. ಸಹೀಹ್ ಮುಸ್ಲಿಮ್‌ನ ಒಂದು ಹದೀಸ್ ಕುದ್ಸಿಯಲ್ಲಿ ಅಲ್ಲಾಹನು ಇದೇ ಮೂರನ್ನು ಕುರಿತು ವಿಚಾರಿಸುತ್ತಾನೆ. ರೋಗಿಯನ್ನು ಸಂದರ್ಶಿಸಿದ್ದರೆ ನನ್ನನ್ನು ಅವನ ಬಳಿ ಕಾಣುತ್ತಿದ್ದೆ ಎಂಬುದು ಅದರ ಭಾವ. ಎರಡು ಪರಂಪರೆಗಳು ಇಷ್ಟು ಹತ್ತಿರ ಬರುವ ಜಾಗಗಳು ವಿರಳ.

ಕೈಯಲ್ಲಿ ಸಸಿಯಿರುವಾಗ ಅಂತ್ಯಘಳಿಗೆ ಬಂದರೂ ಸಾಧ್ಯವಾದರೆ ಅದನ್ನು ನೆಟ್ಟುಬಿಡಿ ಎಂದು ಪ್ರವಾದಿ(ಸ) ಬೋಧಿಸಿದ್ದಾರೆ. ನಾಲೆಯ ನೀರಿನಲ್ಲಿ ನಾಟಿ ಮಾಡುವ ಹೇಮಾವತಿ ಸೀಮೆಯ ರೈತನಿಗೆ, ಅವನು ಯಾವ ಧರ್ಮದವನಾದರೂ, ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.