ಹಬ್ಬದ ಮುನ್ನಿನ ಅಡುಗೆಮನೆ: ಒಂದು ಜಾನಪದೀಯ ಅವಲೋಕನ

ಹಬ್ಬಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಹಬ್ಬದ ದಿನದಿಂದಲೇ ಆರಂಭವಾಗುತ್ತವೆ. ಪೂಜೆ, ನೈವೇದ್ಯ, ಹಾಡು, ಕುಣಿತಗಳಿಗೆ ದೊರೆತಿರುವ ಗಮನ ಅವುಗಳ ಹಿಂದಿನ ದಿನಗಳ ದುಡಿಮೆಗೆ ದೊರೆತಿಲ್ಲ. ಯುಗಾದಿಯ ಹೋಳಿಗೆ ಹೆಂಚಿನ ಮೇಲೆ ಬೀಳುವ ಮೊದಲು ಅಡುಗೆಮನೆ ಹೇಗೆ ಅಣಿಗೊಳ್ಳುತ್ತಿತ್ತು, ಆ ಅಣಿಯ ಹಿಂದೆ ಯಾರ ತಿಳಿವಳಿಕೆ ಹಾಗೂ ಯಾರ ಶ್ರಮ ಇತ್ತು ಎಂಬುದನ್ನು, ಹಳೆಯ ಮೈಸೂರು ಸೀಮೆಯ ಗ್ರಾಮೀಣ ಮನೆಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರದ ಬರಹಕ್ಕೆ ದೀರ್ಘ ಪರಂಪರೆಯಿದೆ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025), ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ (ಸು. 1129), ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (ಸು. 1508) ಈ ಪರಂಪರೆಯ ಮುಖ್ಯ ಘಟ್ಟಗಳು. ಆದರೆ ಇವು ಅರಮನೆಯ ಅಥವಾ ವಿದ್ವಾಂಸನ ನಿಲುವಿನಿಂದ ರಚಿತವಾದವು. ಇವುಗಳ ಆಸಕ್ತಿ ಭಕ್ಷ್ಯದಲ್ಲಿ, ಅದರ ರುಚಿಯಲ್ಲಿ. ಸಾಮಾನ್ಯ ಒಕ್ಕಲು ಮನೆಯ ಹೆಂಗಸು ತನ್ನ ಅಡುಗೆಮನೆಯನ್ನು ಹೇಗೆ ಜೋಡಿಸಿಕೊಳ್ಳುತ್ತಿದ್ದಳೆಂಬುದು ಗ್ರಂಥಗಳಿಗಿಂತ ಹೆಚ್ಚಾಗಿ ಆಡುಮಾತಿನಲ್ಲಿ ಉಳಿದಿದೆ. ಇಲ್ಲಣ, ನೆಲವು, ನಾಗಂದಿಗೆ, ಅಡಕಲು, ಮೀಸಲು ಮುಂತಾದ ಪದಗಳೇ ಇಲ್ಲಿ ನಮಗೆ ಆಕರಗಳು.

ಹಬ್ಬದ ಅಣಿ ಮೇಲಿನಿಂದ ಕೆಳಕ್ಕೆ ಸಾಗುತ್ತಿತ್ತು. ಸೌದೆಯ ಹೊಗೆಯಿಂದ ಸೂರಿನಲ್ಲಿ ಕಟ್ಟಿದ ಮಸಿಬಲೆಗೆ ‘ಇಲ್ಲಣ’ ಎಂದು ಹೆಸರು. ಅದನ್ನು ಮೊದಲು ಹೊಡೆದು, ಬಳಿಕ ಗೋಡೆಗೆ ಸುಣ್ಣ, ಒಲೆಗೆ ಕೆಮ್ಮಣ್ಣು, ಕಡೆಯಲ್ಲಿ ನೆಲಕ್ಕೆ ಸಗಣಿಯ ಸಾರಣೆ. ಇದಕ್ಕೂ ಮುನ್ನ ಅಡುಗೆಮನೆಯ ಸರಕೆಲ್ಲ ಅಂಗಳಕ್ಕೆ ಬರಬೇಕು. ಕಾಳುಗಳನ್ನು ಬಿಸಿಲಿಗೆ ಹರವಿ, ಹುಳು ಆರಿಸಿ, ಜರಡಿ ಹಿಡಿಯಲಾಗುತ್ತಿತ್ತು. ಸುಗ್ಗಿ ಮುಗಿದು ಹೊಸ ತೊಗರಿ ಮನೆಗೆ ಬಂದಿರುವ ಕಾಲವಾದುದರಿಂದ, ಈ ಶುಚಿಕಾರ್ಯವೇ ಮನೆಯ ದವಸದ ಲೆಕ್ಕವೂ ಆಗಿ ಪರಿಣಮಿಸುತ್ತಿತ್ತು.

ಅನಂತರದ ಹಂತ ಜೋಡಣೆ. ದೊಡ್ಡ ಮಡಕೆಯ ಮೇಲೆ ಚಿಕ್ಕ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿದ ಸಾಲೇ ‘ಅಡಕಲು’. ನಿತ್ಯ ಕೈಗೆ ಬೇಕಾದುದು ಮೇಲೆ, ತಿಂಗಳುಗಟ್ಟಲೆ ಇರಿಸುವಂಥದು ತಳದಲ್ಲಿ. ತಳದ ಮಡಕೆಗೆ ಕೈಹಾಕಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. ಹೀಗಾಗಿ ಹಬ್ಬಕ್ಕೆ ಬೇಕಾದ ಬೇಳೆ, ಬೆಲ್ಲ, ಹಿಟ್ಟುಗಳನ್ನು ಮೊದಲೇ ಅಳೆದು ಬೇರೆ ತೆಗೆದಿರಿಸುವುದು ಅನಿವಾರ್ಯವಾಗಿತ್ತು. ಬಂದುಹೋಗುವ ನೆಂಟರ ಎಣಿಕೆ, ಹೂರಣದ ಪ್ರಮಾಣ, ಒಲೆಗೆ ಬೇಕಾದ ಒಣ ಸೌದೆ ಇವೆಲ್ಲ ಆ ಅಳತೆಯಲ್ಲಿ ಸೇರಿದ್ದವು. ಅಕ್ಷರವಿಲ್ಲದ ಕೈಗಳು ನಡೆಸಿದ ಆಯವ್ಯಯವಿದು.

ದೇವರಿಗೆಂದು ತೆಗೆದಿಟ್ಟುದು ‘ಮೀಸಲು’. ಮೀಸಲು ನೀರು, ಮೀಸಲು ಬೆಣ್ಣೆ, ಮೀಸಲು ಮಡಕೆಗಳಿಗೆ ಬೇರೆಯೇ ಸ್ಥಾನವಿತ್ತು. ಮುಸುರೆ, ಎಂಜಲುಗಳಿಂದ ಇವನ್ನು ದೂರವಿರಿಸುವ ನಿಯಮದಲ್ಲಿ ಶುಚಿತ್ವದ ವಿವೇಕವಿರುವಂತೆ ಶ್ರೇಣೀಕರಣದ ಕಾಠಿಣ್ಯವೂ ಇದೆ. ಮುಟ್ಟಾದ ಹೆಣ್ಣು ತಾನೇ ಸಾರಿಸಿದ ಒಲೆಯಿಂದ ದೂರ ನಿಲ್ಲಬೇಕಾಗಿದ್ದುದನ್ನು ಮರೆತು ಈ ವ್ಯವಸ್ಥೆಯನ್ನು ಕೊಂಡಾಡಲಾಗದು.

ಅಡುಗೆಮನೆಯ ಅಣಿ ಆ ಮನೆಯೊಂದರಿಂದಲೇ ಪೂರೈಸುವಂಥದಾಗಿರಲಿಲ್ಲ. ಹೊಸ ಗಡಿಗೆ ಕುಂಬಾರನಿಂದ, ಮೊರ ಮೇದರಿಂದ ಬರಬೇಕು. ಬಳಸಿ ನುಣುಪಾದ ಒರಳು, ಬೀಸುಕಲ್ಲುಗಳ ಮೈಯನ್ನು ಕಲ್ಲುಕುಟಿಗ ಉಳಿಯಿಂದ ಮತ್ತೆ ಒರಟುಗೊಳಿಸಬೇಕು. ಇಲ್ಲವಾದರೆ ಹೂರಣ ನುಣ್ಣಗಾಗದು. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹುಣಿಸೆಯ ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಆದ್ದರಿಂದ ಹೋಳಿಗೆಸಾರು ಕುದಿಯುವ ಪಾತ್ರೆಗೆ ಕಲಾಯಿ ಅಗತ್ಯ. ಹಬ್ಬದ ಮುಂಚೆ ಊರಿಗೆ ಬರುವ ಕಲಾಯಿಗಾರ ತಿದಿಯೊತ್ತಿ ಪಾತ್ರೆ ಕಾಯಿಸಿ, ನವಸಾಗರ ಹಾಕಿ ಉಜ್ಜಿ, ತವರದ ತೆಳುಲೇಪ ಕೊಡುತ್ತಿದ್ದ. ಈ ಕಸುಬಿನಲ್ಲಿ ಮುಸ್ಲಿಮರೂ ಅನೇಕರಿದ್ದರು. ಹಿಂದೂ ಮನೆಯ ನೈವೇದ್ಯದ ಪಾತ್ರೆ ಅವರ ಕೈಯಲ್ಲಿ ಬೆಳಗಿತು. ಆದರೆ ಹಲವು ಮನೆಗಳಲ್ಲಿ ಪಾತ್ರೆ ಒಳಗೆ ಹೋಯಿತೇ ಹೊರತು ಅದನ್ನು ಬೆಳಗಿದ ಕೈ ಹೊಸಿಲು ದಾಟಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಯೂಮಿನಿಯಂ, ಸ್ಟೀಲು, ಮಿಕ್ಸಿ, ಗ್ಯಾಸ್ ಒಲೆಗಳು ಈ ಚಿತ್ರವನ್ನು ಬದಲಿಸಿದವು. ಸ್ಟೀಲಿಗೆ ಕಲಾಯಿ ಬೇಡ, ಮಿಕ್ಸಿಗೆ ಕಲ್ಲುಕುಟಿಗ ಬೇಡ, ಗ್ಯಾಸಿಗೆ ಸೌದೆ ಬೇಡ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಮೂಲಕ ಅನಿಲ ಸಂಪರ್ಕ ಬಡ ಕುಟುಂಬಗಳನ್ನೂ ತಲುಪಿತು. ಹೊಗೆಯಿಂದ ಕಣ್ಣು, ಶ್ವಾಸಕೋಶಗಳನ್ನು ಕೆಡಿಸಿಕೊಂಡ ಹೆಂಗಸರ ದೃಷ್ಟಿಯಿಂದ ಇದು ಬಿಡುಗಡೆಯೇ ಸರಿ. ಇಲ್ಲಣ ಇಲ್ಲವಾದುದಕ್ಕೆ ಮರುಗಬೇಕಾಗಿಲ್ಲ. ಆದರೆ ಹಬ್ಬದ ನೆಪದಲ್ಲಿ ಕಸುಬುದಾರರ ಮನೆಗೆ ಸೇರುತ್ತಿದ್ದ ದವಸ, ಕಾಸುಗಳೂ ಅದರೊಂದಿಗೇ ನಿಂತವೆಂಬುದನ್ನು ಚರಿತ್ರೆ ದಾಖಲಿಸಬೇಕು. ಉಪಕರಣ ಬದಲಾದರೂ ಡಬ್ಬಿಗಳನ್ನಿಳಿಸಿ, ಒರೆಸಿ, ಅಳೆದು, ಜೋಡಿಸುವ ಹೊಣೆ ಬಹುಪಾಲು ಹೆಂಗಸಿನ ಮೇಲೆಯೇ ಉಳಿದಿರುವುದನ್ನೂ ದಾಖಲಿಸಬೇಕು.

ರಾಮನಗರದ ಬಳಿಯ ಜಾನಪದ ಲೋಕದಲ್ಲಿ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗೃಹೋಪಯೋಗಿ ವಸ್ತುಗಳು ಸುರಕ್ಷಿತವಾಗಿವೆ. ಆದರೆ ಯಾವ ಮಡಕೆಯ ಮೇಲೆ ಯಾವುದು, ಯಾವ ಕೆಲಸದ ಬಳಿಕ ಯಾವುದು ಎಂಬ ಕ್ರಮ ವಸ್ತುವಿನಲ್ಲಿಲ್ಲ. ಅದು ವಸ್ತುವನ್ನು ಬಳಸಿದವರ ನೆನಪಿನಲ್ಲಿದೆ. ಬೀಸುವ ಪದಗಳನ್ನು ಸಂಗ್ರಹಿಸಿದ ನಾವು ಬೀಸುವ ಮುನ್ನಿನ ಸಿದ್ಧತೆಯನ್ನು ಕೇಳಿ ಬರೆದುಕೊಳ್ಳಲಿಲ್ಲ. ಅಡಕಲನ್ನು ಕೈಯಾರೆ ಪೇರಿಸಿದ ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಈ ಕ್ರಮವನ್ನು ಊರೂರಿನ ವ್ಯತ್ಯಾಸಗಳೊಡನೆ ದಾಖಲಿಸಿಕೊಳ್ಳುವುದು ಜಾನಪದ ಕ್ಷೇತ್ರಕಾರ್ಯದ ಮುಂದಿರುವ ತುರ್ತಿನ ಕೆಲಸವಾಗಿದೆ.