ವೃದ್ಧಾಶ್ರಮ ಒಳ್ಳೆಯದೋ ಅಲ್ಲವೋ: ತಿಳಿಯುವುದು ಹೇಗೆ?

ಕೆರೂರಿನಲ್ಲಿ ಒಂದು ಮನೆ ಇದೆ ಎಂದುಕೊಳ್ಳೋಣ. ಅವ್ವನಿಗೆ 76 ವರ್ಷ, ಅಪ್ಪ ತೀರಿಕೊಂಡಿದ್ದಾರೆ. ಒಬ್ಬ ಮಗ ಪುಣೆಯಲ್ಲಿ, ಇನ್ನೊಬ್ಬ ಬೆಂಗಳೂರಿನಲ್ಲಿ. ಮಗಳನ್ನು ಊರಿನಲ್ಲೇ ಕೊಟ್ಟಿದ್ದರೂ ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಒಬ್ಬಳೇ ಇರುವುದು ಕಷ್ಟವಾಗಿದೆ. ಮಕ್ಕಳು ಮೊಬೈಲಿನಲ್ಲಿ ಆಶ್ರಮಗಳ ಫೋಟೊ ನೋಡುತ್ತಿದ್ದಾರೆ: ಹೊಳೆಯುವ ನೆಲ, ಹೂದೋಟ, ದೇವರ ಕೋಣೆ, ನಗುವ ಅಜ್ಜ-ಅಜ್ಜಿಯರು.

ಈ ಫೋಟೊಗಳಿಂದ ಕಟ್ಟಡ ಹೇಗಿದೆ ಎಂಬುದು ಗೊತ್ತಾಗುತ್ತದೆ. ರಾತ್ರಿ ಎರಡು ಗಂಟೆಗೆ ಅವ್ವ ಕೂಗಿದರೆ ಯಾರು ಬರುತ್ತಾರೆ ಎಂಬುದು ಗೊತ್ತಾಗುವುದಿಲ್ಲ. ಅದನ್ನು ತಿಳಿಯುವುದು ಹೇಗೆ ಎಂದು ನೋಡೋಣ.

ನಂಬಿಕೆ: ನೋಂದಣಿ ಇದ್ದರೆ ಗುಣಮಟ್ಟವೂ ಇರುತ್ತದೆ

ಇದು ಪೂರ್ತಿ ನಿಜವಲ್ಲ. ಟ್ರಸ್ಟ್ ಅಥವಾ ಸಂಘದ ನೋಂದಣಿ ಪತ್ರವು ಸಂಸ್ಥೆ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಆರೈಕೆಗೆ ಸಾಕ್ಷಿಯಲ್ಲ. ನಮ್ಮಲ್ಲಿ ಹಿರಿಯರ ಪೋಷಣೆ ಮತ್ತು ಕಲ್ಯಾಣಕ್ಕೆಂದು 2007ರ ಕಾಯ್ದೆ ಇದೆ. ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದು ಅದರ 19ನೇ ಕಲಂ ಹೇಳುತ್ತದೆ. ಎಲ್ಲ ಆಶ್ರಮಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟದ ಬಗ್ಗೆ ನಿಯಮ ತರಬೇಕೆಂದು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಗಿತ್ತು. ಅದು ಅಂಗೀಕಾರವಾಗುವ ಮೊದಲೇ ಆ ಲೋಕಸಭೆಯ ಅವಧಿ ಮುಗಿಯಿತು.

ಅಮೆರಿಕದಲ್ಲಿ 2008ರಿಂದ ಹಿರಿಯರ ಆರೈಕೆ ಕೇಂದ್ರಗಳಿಗೆ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಅಲ್ಲಿ ಅಳೆಯುವುದು ಮೂರನ್ನು: ತಪಾಸಣೆಯಲ್ಲಿ ಕಂಡದ್ದು, ಸಿಬ್ಬಂದಿ, ಮತ್ತು ಅಲ್ಲಿರುವವರ ಆರೋಗ್ಯದ ಸ್ಥಿತಿ. ಹೂದೋಟಕ್ಕೆ ಅಂಕವಿಲ್ಲ. ನಮ್ಮಲ್ಲಿ ಅಂಥ ನಕ್ಷತ್ರಗಳಿಲ್ಲದ ಕಾರಣ ಈ ಮೂರನ್ನೂ ಮನೆಯವರೇ ನೋಡಬೇಕು.

ಒಂದು: ತಪಾಸಣೆ

ಎರಡು ಸಲ ಹೋಗಿ. ಮೊದಲ ಸಲ ಫೋನ್ ಮಾಡಿ, ಎರಡನೇ ಸಲ ಹೇಳದೆ. ಭಾನುವಾರ ಅಥವಾ ಸಂಜೆ ಊಟದ ಹೊತ್ತು ಒಳ್ಳೆಯದು, ಆಗ ಸಿಬ್ಬಂದಿ ಕಡಿಮೆ ಇರುತ್ತಾರೆ. ಭೇಟಿಗೆ ಹೊತ್ತುಗೊತ್ತು ಇರುವುದು ಸಹಜ. ಆದರೆ ಒಳಗೆ ಬಿಡುವುದೇ ಇಲ್ಲ ಎಂದರೆ ಕಾರಣ ಕೇಳಿ.

ನಡೆದಾಡುವ, ಮಾತಾಡುವ ಹಿರಿಯರನ್ನು ಎಲ್ಲರೂ ಚೆನ್ನಾಗಿಯೇ ತೋರಿಸುತ್ತಾರೆ. ಅಲ್ಲಿ ಎಲ್ಲರಿಗಿಂತ ಅಶಕ್ತರಾದವರ ಸ್ಥಿತಿ ಹೇಗಿದೆ ಎಂಬುದನ್ನು ಗಮನಿಸಿ. ಅವರ ಬಟ್ಟೆ ಒಣಗಿದೆಯೇ, ಉಗುರು ಕತ್ತರಿಸಿದೆಯೇ, ನೀರು ಕೈಗೆ ಎಟಕುವಂತಿದೆಯೇ? ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಯಾರಾದರೂ ನೀರು ಕುಡಿಸದಿದ್ದರೆ ಅದೇ ಕಾಯಿಲೆಯಾಗುತ್ತದೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ಕುರ್ಚಿಯಂತೆ ಕೂರುವ ಕಮೋಡ್, ರಾತ್ರಿ ದೀಪ ಇರಲೇಬೇಕು.

ಎರಡು: ಸಿಬ್ಬಂದಿ

"ನರ್ಸ್ ಇದ್ದಾರೆಯೇ?" ಎಂದು ಕೇಳಿದರೆ "ಇದ್ದಾರೆ" ಎಂಬ ಉತ್ತರವೇ ಬರುತ್ತದೆ. ಬದಲಿಗೆ "ನಿನ್ನೆ ರಾತ್ರಿ ಎಷ್ಟು ಜನ ಎಚ್ಚರವಿದ್ದರು, ಎಷ್ಟು ಹಿರಿಯರಿಗೆ?" ಎಂದು ಕೇಳಿ. ಆರೈಕೆ ಮಾಡುವವರು ಎಷ್ಟು ದಿನದಿಂದ ಅಲ್ಲಿದ್ದಾರೆ ಎಂಬುದೂ ಮುಖ್ಯ. ಮೂರು ತಿಂಗಳಿಗೊಮ್ಮೆ ಬದಲಾಗುವವರಿಗೆ ಯಾರ ಮಂಡಿ ನೋಯುತ್ತದೆ, ಯಾರಿಗೆ ಕಿವಿ ಕೇಳದು ಎಂಬುದು ಗೊತ್ತಿರುವುದಿಲ್ಲ.

ಭಾಷೆಯನ್ನೂ ನೋಡಿ. ಆರೈಕೆ ಮಾಡುವವರಿಗೆ ಕನ್ನಡ ಬಾರದಿದ್ದರೆ ಅವ್ವ "ಎದಿ ಉರಿಯಾಕತ್ತೈತಿ" ಎಂದದ್ದು ಯಾರಿಗೂ ಮುಟ್ಟುವುದಿಲ್ಲ. ಆಸ್ಪತ್ರೆಗೆ ಒಯ್ಯಬೇಕಾದರೆ 108ಕ್ಕೆ ಕರೆ ಮಾಡುತ್ತೇವೆ ಎಂಬ ಉತ್ತರ ಸಾಲದು. ಯಾವ ಆಸ್ಪತ್ರೆ, ಜೊತೆಗೆ ಹೋಗುವವರು ಯಾರು ಎಂಬುದನ್ನೂ ಕೇಳಿ.

ಮೂರು: ಆರೋಗ್ಯದ ಸ್ಥಿತಿ

ನಾಲ್ಕು ವಿಷಯಕ್ಕೆ ಆಶ್ರಮ ಲೆಕ್ಕ ಇಡುತ್ತದೆಯೇ ಎಂದು ವಿಚಾರಿಸಿ.

ಬೀಳುವುದು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಜನ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ಆದ್ದರಿಂದ "ನಮ್ಮಲ್ಲಿ ಯಾರೂ ಬಿದ್ದಿಲ್ಲ" ಎನ್ನುವ ಕಡೆ ಬರೆದಿಡುವ ಪದ್ಧತಿಯೇ ಇಲ್ಲದಿರಬಹುದು.

ತೂಕ: ತಿಂಗಳಿಗೊಮ್ಮೆ ತೂಗಬೇಕು. 50 ಕಿಲೊ ಇದ್ದವರು ಆರು ತಿಂಗಳಲ್ಲಿ ಕಾರಣವಿಲ್ಲದೆ ಎರಡೂವರೆ ಕಿಲೊ ಇಳಿದರೆ ವೈದ್ಯರಿಗೆ ತೋರಿಸಬೇಕು. ಕೆಲವೊಮ್ಮೆ ಕಾರಣ ಸರಳವಾಗಿರುತ್ತದೆ: ಜನ್ಮವಿಡೀ ಜೋಳದ ರೊಟ್ಟಿ ಉಂಡವರಿಗೆ ದಿನಾ ಇಡ್ಲಿ, ಅನ್ನ ಸೇರದು. ಅಥವಾ ಹಲ್ಲಿಲ್ಲದವರಿಗೆ ರೊಟ್ಟಿಯನ್ನು ನೆನೆಸಿ ಕೊಡುವವರಿಲ್ಲ.

ಹಾಸಿಗೆ ಹುಣ್ಣು: ಏಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಹುಣ್ಣು ಹೆಚ್ಚಾಗಿದ್ದರೆ ಕೈಗಳು ಸಾಲುತ್ತಿಲ್ಲ ಎಂದರ್ಥ.

ಮಾತ್ರೆ: ಯಾರಿಗೆ ಯಾವ ಮಾತ್ರೆ ಎಂಬ ಪಟ್ಟಿ ಬೇಕು. ನಿದ್ರೆ ಮಾತ್ರೆ ಬೀಳುವ ಅಪಾಯವನ್ನು ಹೆಚ್ಚಿಸುತ್ತದೆ. ಹಗಲಲ್ಲೂ ಬಹುತೇಕರು ತೂಕಡಿಸುತ್ತಿದ್ದರೆ ಕಾರಣ ಕೇಳಿ.

ನಂಬಿಕೆ: ದುಬಾರಿಯಾದಷ್ಟೂ ಒಳ್ಳೆಯದು

ದೊಡ್ಡ ನಗರಗಳಲ್ಲಿ ಲಕ್ಷಗಟ್ಟಲೆ ಠೇವಣಿ ಪಡೆಯುವ ಹಿರಿಯರ ವಸತಿ ಸಮುಚ್ಚಯಗಳಿವೆ. ಹಲವು ಸಮುಚ್ಚಯಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗಾಗಿ ಇರುವಂಥವು. ಆದ್ದರಿಂದ ಸೇರಿಸುವ ದಿನವೇ ಕೇಳಿ: ಅವ್ವ ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ ಇಟ್ಟುಕೊಳ್ಳುತ್ತೀರೋ, ಕರೆದುಕೊಂಡು ಹೋಗಿ ಎನ್ನುತ್ತೀರೋ? ಬಿಟ್ಟರೆ ಠೇವಣಿಯಲ್ಲಿ ಎಷ್ಟು ವಾಪಸು? ಎರಡೂ ಉತ್ತರ ಬರಹದಲ್ಲಿರಲಿ.

ಸೇವೆಯ ಬದಲಿಗೆ ಮನೆ ಅಥವಾ ಹೊಲ ಬರೆದುಕೊಡುವ ಮಾತು ಬಂದರೆ ಅವಸರ ಬೇಡ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಪಡೆದವರು ಷರತ್ತು ಮುರಿದರೆ, ರದ್ದೆಂದು ಘೋಷಿಸಲು 2007ರ ಕಾಯ್ದೆಯ 23ನೇ ಕಲಂನಲ್ಲಿ ಅವಕಾಶವಿದೆ. ಇದಕ್ಕೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಆ ಷರತ್ತು ಪತ್ರದಲ್ಲೇ ಬರೆದಿರಲಿ.

ದೂರವೂ ಗುಣಮಟ್ಟದ ಭಾಗ

ಕೆರೂರು ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲಿದೆ. ಮಗಳು ಒಂದೇ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಸಾಧಾರಣ ಆಶ್ರಮವು, ವರ್ಷಕ್ಕೆರಡು ಸಲ ನೋಡಲಾಗುವ ಬೆಂಗಳೂರಿನ ದುಬಾರಿ ಆಶ್ರಮಕ್ಕಿಂತ ಎಷ್ಟೋ ಸಲ ಮೇಲು. ಆಗಾಗ ಬಂದು ಹೋಗುವವರಿದ್ದಾರೆ ಎಂದು ಗೊತ್ತಿದ್ದಾಗ ಆರೈಕೆಯಲ್ಲಿ ಸಡಿಲು ಬಿಡುವುದು ಕಷ್ಟ. ಏನಾದರೂ ಅನುಮಾನವಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕೊನೆಯದಾಗಿ, ಅಲ್ಲಿ ಇರಬೇಕಾದವಳು ಅವ್ವ. ಕಾಗದಕ್ಕೆ ಸಹಿ ಹಾಕುವ ಮೊದಲು ಹದಿನೈದು ದಿನ ಇದ್ದು ನೋಡಲು ಅವಕಾಶ ಕೇಳಿ. ಬಂದ ಮೇಲೆ "ಹೆಂಗಿತ್ತು?" ಎಂದಷ್ಟೇ ಕೇಳಿದರೆ, ಮಕ್ಕಳಿಗೆ ಭಾರವಾಗಬಾರದೆಂದು "ಚಲೋ ಇತ್ತು" ಎಂದುಬಿಡಬಹುದು. ಅದರ ಬದಲು ಹೀಗೆ ಕೇಳಿ: "ಅವ್ವಾ, ರಾತ್ರಿ ಎದ್ದರ ಯಾರ ಬರತಿದ್ದರು? ಬಾಜೂ ಮಂಚದಾಕಿ ಹೆಸರೇನ?"